ಪಟ್ಟಿಯ ದುಡ್ಡು, ಆಯೇರದ ದುಡ್ಡು

ನಾಟಕಕ್ಕೆ ಮೊದಲು ಊರು ಕೂಡಿಸುವ ಹಣ ಒಂದು, ನಾಟಕದ ನಡುವೆ ರಂಗಕ್ಕೆ ಬಂದು ಬೀಳುವ ನೋಟು ಇನ್ನೊಂದು. ಸ್ವಂತ ಬಲದ ಮೇಲೆ ದುಡಿಯುವ ಕಲಾವಿದರನ್ನು ಇಂದು ಎರಡನೆಯದು ಸುತ್ತಿಕೊಂಡಿದೆ. ಅವರಿಗೆ ಬೇಕಿರುವುದು ಮೊದಲನೆಯದು: ಕೃತಿ ಹುಟ್ಟುವ ಮೊದಲೇ ಅದರ ಹೊತ್ತಿಗೆ ಬೆಲೆ ಕಟ್ಟುವ ಹಣ.

ರಾತ್ರಿ ಒಂದೂವರೆ ಗಂಟೆ. ಬಿಳಿಜೋಳದ ರಾಶಿ ಮುಗಿದಿದೆ, ಕಡಲೆ ಮನೆ ಸೇರಿದೆ, ತೇರು ಎಳೆದಾಗಿದೆ. ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂಥ ಎರೆನೆಲದ ಊರುಗಳಲ್ಲಿ ಜಾತ್ರೆಯ ನಾಟಕದ ದಿನ ಈ ಹೊತ್ತಿಗೆ ಯಾರೂ ಮಲಗಿರುವುದಿಲ್ಲ. ಬಾಡಿಗೆಗೆ ತಂದ ಸೀನರಿಯ ಮುಂದೆ ಅಣ್ಣತಮ್ಮಂದಿರ ಆಸ್ತಿ ಜಗಳ ಕಾವೇರಿದೆ. ಅತ್ತಿಗೆಯ ಪಾರ್ಟಿನ ನಟಿ ಮನೆಬಿಟ್ಟು ಹೊರಡುವ ಮಾತು ಆಡಲು ಹೊಸ್ತಿಲಲ್ಲಿ ನಿಂತಿದ್ದಾಳೆ. ಅಷ್ಟರಲ್ಲಿ ಮೈಕು ಕರಕರ ಎನ್ನುತ್ತದೆ. ಇಂಥವರಿಂದ ಈ ಪಾತ್ರಧಾರಿಗೆ ಇಷ್ಟು ರೂಪಾಯಿ ಆಯೇರ ಎಂಬ ಕೂಗು. ಹಾರ್ಮೋನಿಯಂ ನಿಲ್ಲುತ್ತದೆ. ಕೊಟ್ಟವರು ರಂಗ ಏರಿ ಬರುತ್ತಾರೆ. ನಟಿ ಕಣ್ಣೊರೆಸಿಕೊಂಡು, ಕೈಮುಗಿದು, ನೋಟು ತೆಗೆದುಕೊಂಡು, ಮತ್ತೆ ಹೊಸ್ತಿಲಿಗೆ ಹೋಗಿ ನಿಂತು, ಹೋದ ಅಳುವನ್ನು ಮರಳಿ ಕರೆದುಕೊಳ್ಳಬೇಕು.

ಈ ನೋಟಿಗಿಂತ ಎಷ್ಟೋ ಮೊದಲು ಇನ್ನೊಂದು ಹಣ ಕೂಡಿರುತ್ತದೆ. ಒಂದೆರಡು ತಿಂಗಳ ಹಿಂದೆ ನಾಲ್ಕಾರು ಹುಡುಗರು ನೋಟ್‌ಬುಕ್ ಹಿಡಿದು ಮನೆ, ಅಂಗಡಿ, ಕಟ್ಟೆ ತಿರುಗಿ ಪಟ್ಟಿ ಎತ್ತಿರುತ್ತಾರೆ. ಪಾರ್ಟು ಮಾಡುವವರೂ ತಲೆಗಿಷ್ಟು ಎಂದು ಹಾಕಿರುತ್ತಾರೆ. ಮಾಸ್ತರರ ಸಂಬಳ, ಸೀನರಿಯ ಬಾಡಿಗೆ, ಗದಗ ಇಳಕಲ್ಲಿನಂಥ ಊರುಗಳಿಂದ ಬರುವ ನಟಿಯರ ಮುಂಗಡ, ಹ್ಯಾಂಡ್‌ಬಿಲ್ಲಿನ ಅಚ್ಚು ಎಲ್ಲ ಅದರಲ್ಲೇ ಸಾಗಬೇಕು. ಪಟ್ಟಿ ಕೊಟ್ಟವರು ನಾಟಕ ನೋಡಿ ಮೆಚ್ಚಿ ಕೊಟ್ಟವರಲ್ಲ, ಏಕೆಂದರೆ ನಾಟಕ ಇನ್ನೂ ಆಗಿಯೇ ಇಲ್ಲ. ಗುಡಿಯ ಪಡಸಾಲೆಯಲ್ಲೋ ಸಾಲೆಯ ಕೋಣೆಯಲ್ಲೋ ತಿಂಗಳುಗಟ್ಟಲೆ ನಡೆಯುವ ತಾಲೀಮಿಗೆ ಅವರು ಕೊಟ್ಟದ್ದು. ತಪ್ಪು ಮಾತು ಹೇಳಿ ಬೈಸಿಕೊಳ್ಳುವ, ಮರೆತು ಮತ್ತೆ ಕಲಿಯುವ, ಯಾರೂ ನೋಡದ ರಾತ್ರಿಗಳಿಗೆ ಕೊಟ್ಟದ್ದು.

ಒಂದೇ ಊರು, ಒಂದೇ ನಾಟಕ, ಅದೇ ಜನ. ಆದರೆ ಎರಡು ಹಣದ ಗುಣ ಬೇರೆ. ಪಟ್ಟಿಯ ಹಣ ಮೊದಲು ಬರುತ್ತದೆ, ಸಣ್ಣದಾಗಿ ಬರುತ್ತದೆ, ಹಲವರಿಂದ ಬರುತ್ತದೆ. ಕೊಟ್ಟ ಮೇಲೆ ಕಲಾವಿದನನ್ನು ತನ್ನ ಪಾಡಿಗೆ ಬಿಡುತ್ತದೆ. ಆಯೇರದ ಹಣ ಕೊನೆಗೆ ಬರುತ್ತದೆ, ಕಣ್ಣಿಗೆ ಬಿದ್ದದ್ದಕ್ಕೆ ಬರುತ್ತದೆ, ಕೊಟ್ಟವರ ಹೆಸರನ್ನು ಹೊತ್ತು ಬರುತ್ತದೆ. ಬರುವಾಗ ಆಟವನ್ನೇ ನಿಲ್ಲಿಸುತ್ತದೆ. ಯಾವ ಸಂಸ್ಥೆಯ ಸಂಬಳವೂ ಇಲ್ಲದೆ ಬರೆಯುವ, ಹಾಡುವ, ಚಿತ್ರ ಬಿಡಿಸುವ, ಸಿನಿಮಾ ಮಾಡುವವರ ಬದುಕನ್ನು ಈ ಎರಡರ ವ್ಯತ್ಯಾಸ ನಿರ್ಧರಿಸುತ್ತದೆ ಎಂಬುದು ನನ್ನ ವಾದ. ಅಭಿಮಾನಿಗಳ ಹಣ ಕಲಾವಿದನ ಹೊತ್ತನ್ನು ಕೊಂಡು ಅವನಿಗೇ ಮರಳಿ ಕೊಟ್ಟಾಗ ಕೆಲಸ ಬೆಳೆದಿದೆ. ಅದೇ ಹಣ ಅವನ ಹೊತ್ತನ್ನು ಕೇಳತೊಡಗಿದಾಗ, ಎಷ್ಟೇ ಬಂದರೂ, ಕೆಲಸ ಸೊರಗಿದೆ.

ತಲೆಯ ಮೇಲಿನ ಗಂಟು

ಕನ್ನಡದ ಸ್ವತಂತ್ರ ಲೇಖಕರ ಮಾತು ಬಂದಾಗ ಮೊದಲು ನೆನಪಾಗುವವರು ಗಳಗನಾಥರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿ, ಕಾದಂಬರಿ ಎಂಬುದನ್ನು ಕನ್ನಡದ ಮನೆಗಳಿಗೆ ಒಯ್ದ ಮನುಷ್ಯ. ಒಯ್ದರು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈ ಸಂಗತಿಯನ್ನು ನಾವು ಭಕ್ತಿಯಿಂದ ಹೇಳಿಕೊಳ್ಳುತ್ತೇವೆ, ಹೇಳಲೂಬೇಕು. ಆದರೆ ಗಂಟು ಹೊತ್ತು ನಡೆದ ಒಂದೊಂದು ಹರದಾರಿಯೂ ಬರೆಯುವ ಮೇಜಿನಿಂದ ಕಳೆದ ಹೊತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಓದುಗರನ್ನು ಹುಟ್ಟಿಸುವ ಕೆಲಸ, ಅಚ್ಚಿನ ಕೆಲಸ, ಮಾರುವ ಕೆಲಸ, ವಸೂಲಿಯ ಕೆಲಸ ಎಲ್ಲವನ್ನೂ ಒಬ್ಬನೇ ಹೊತ್ತಾಗ ಬರವಣಿಗೆ ಉಳಿದ ಹೊತ್ತಿನ ಕೂಸಾಗುತ್ತದೆ. ಗಳಗನಾಥರು ಅಷ್ಟರಲ್ಲೂ ಅಷ್ಟೊಂದು ಬರೆದರು ಎನ್ನುವುದು ಅವರ ದೊಡ್ಡತನಕ್ಕೆ ಸಾಕ್ಷಿ. ಆ ಪದ್ಧತಿ ಸರಿಯಿತ್ತು ಎನ್ನುವುದಕ್ಕೆ ಸಾಕ್ಷಿ ಅಲ್ಲ.

ಇಂದಿನ ಕಲಾವಿದರ ತಲೆಯ ಮೇಲಿಂದ ಆ ಗಂಟು ಇಳಿದಿಲ್ಲ. ಅದು ಫೋನಿನೊಳಗೆ ಸೇರಿಕೊಂಡಿದೆ. ದಿನಕ್ಕೊಂದು ರೀಲು, ವಾರಕ್ಕೊಂದು ನೇರಪ್ರಸಾರ, ಪ್ರತಿ ಮೆಚ್ಚುಗೆಗೂ ಒಂದು ಉತ್ತರ. ನೇರಪ್ರಸಾರದ ನಡುವೆ ಹಣ ಕಳಿಸಿದವರ ಹೆಸರು ತೆರೆಯ ಮೇಲೆ ಬಣ್ಣದ ಪಟ್ಟಿಯಾಗಿ ಮೂಡುತ್ತದೆ, ಹಾಡುವವರು ಹಾಡು ನಿಲ್ಲಿಸಿ ಆ ಹೆಸರನ್ನು ಓದಿ ನಮಸ್ಕಾರ ಹೇಳುತ್ತಾರೆ. ಜಾತ್ರೆಯ ರಂಗದ ಆಯೇರ ಕಂಪ್ಯೂಟರಿಗೆ ಏರಿದ ಬಗೆ ಇದು. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಊರಿನ ನಾಟಕಕ್ಕೆ ಆಯೇರಕ್ಕಿಂತ ಮೊದಲು ಪಟ್ಟಿ ಇತ್ತು. ಇಲ್ಲಿ ಬಹುಪಾಲು ಜನರಿಗೆ ಪಟ್ಟಿಯೇ ಇಲ್ಲ, ಬರೀ ಆಯೇರ.

ಹೊತ್ತು ಸಿಕ್ಕಾಗ ಏನಾಯಿತು?

ಪಟ್ಟಿಯ ಪದ್ಧತಿಯನ್ನು ಸಾಹಿತ್ಯಕ್ಕೆ ತಂದು ನಿಲ್ಲಿಸಿದ ದೊಡ್ಡ ಉದಾಹರಣೆ ಧಾರವಾಡದಲ್ಲಿದೆ. ಜಡಭರತ ಎಂಬ ಹೆಸರಿನಲ್ಲಿ ನಾಟಕ ಬರೆದ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದರು. ವರ್ಷದ ಚಂದಾ ಕೊಡುವ ಓದುಗರು, ಅವರ ಮನೆಗೆ ಮಾಲೆಯ ಪುಸ್ತಕಗಳು, ಇಷ್ಟೇ ಏರ್ಪಾಡು. ಚಂದಾದಾರರು ಯಾವ ಪುಸ್ತಕ ಬರಬೇಕೆಂದು ಹೇಳುವಂತಿರಲಿಲ್ಲ. ಮಾಲೆಯ ಮೇಲೆ, ಅದರ ಅಟ್ಟದ ಮೇಲೆ ಕೂಡುತ್ತಿದ್ದವರ ಅಭಿರುಚಿಯ ಮೇಲೆ ನಂಬಿಕೆ ಇಡಬೇಕಿತ್ತು. ಗದಗಿನಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿ ಆ ಅಟ್ಟದ ವಿಮರ್ಶಕ. ಈ ನಂಬಿಕೆಯಿಂದ ಬಂದದ್ದೇನು? 1961ರಲ್ಲಿ ಇಪ್ಪತ್ಮೂರರ ಆಸುಪಾಸಿನ ಗಿರೀಶ ಕಾರ್ನಾಡ ಎಂಬ, ಇನ್ನೂ ಹೆಸರು ಮಾಡದ ಹುಡುಗನ ಮೊದಲ ನಾಟಕ ‘ಯಯಾತಿ’. 1965ರಲ್ಲಿ, ಮುಂದೆ ದೇಶವೆಲ್ಲ ವಾದಕ್ಕೆ ನಿಂತ ಅನಂತಮೂರ್ತಿಯವರ ‘ಸಂಸ್ಕಾರ’. ಒಂದೊಂದು ಪುಸ್ತಕಕ್ಕೂ ಮಾರುಕಟ್ಟೆಯ ಅಪ್ಪಣೆ ಕೇಳಬೇಕಿದ್ದರೆ ಇವೆರಡರಲ್ಲಿ ಯಾವುದಕ್ಕೆ ಧೈರ್ಯವಾಗಿ ಕೈಹಾಕಬಹುದಿತ್ತು?

ಗ್ರಂಥಮಾಲೆ ಅಚ್ಚಿನ ಭಾರ ಹೊತ್ತಿತು. ಲೇಖಕರ ಮನೆಯ ಒಲೆ ಉರಿಸುವ ಭಾರ ಅದರದ್ದಾಗಿರಲಿಲ್ಲ. ಹಾಗಾದರೆ ಆ ಕೃತಿಗಳನ್ನು ಬರೆಯಲು ಬೇಕಾದ ಹೊತ್ತು ಎಲ್ಲಿಂದ ಬಂತು? ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಸಂಶೋಧನೆಗೆ ಹೋಗಿದ್ದಾಗ. ಕಾರ್ನಾಡರು ಮದ್ರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರ ನೌಕರಿ ಬಿಟ್ಟ ಮೇಲೆ 1970ರಿಂದ 72ರವರೆಗೆ ಹೋಮಿ ಭಾಭಾ ಫೆಲೋಶಿಪ್ ಸಿಕ್ಕಿತು, ‘ಹಯವದನ’ ಆ ಅವಧಿಯ ಕೂಸು. ಈ ಎರಡೂ ಕಡೆ ಹಣ ಕೊಟ್ಟವರು ಕಾದಂಬರಿ ಬರೆ, ನಾಟಕ ಬರೆ ಎಂದು ಕಟ್ಟಳೆ ಹಾಕಿದ್ದಿಲ್ಲ. ತಿಂಗಳ ಖರ್ಚಿನ ಚಿಂತೆ ಇಲ್ಲದ ದಿನಗಳನ್ನು ಕೊಟ್ಟರು, ಕೃತಿ ಆ ದಿನಗಳಲ್ಲಿ ತಾನಾಗಿ ಬಂತು. ಹೀಗೆ ನೋಡಿದರೆ ನಮ್ಮ ನವ್ಯದ ಎಷ್ಟೋ ಬರಹ ಕಾಲೇಜಿನ ಅಧ್ಯಾಪಕರ ಕೈಯಿಂದಲೇ ಏಕೆ ಬಂತು ಎಂಬುದೂ ತಿಳಿಯುತ್ತದೆ. ಅವರಿಗೆ ಸಂಬಳವಿತ್ತು, ರಜೆಯಿತ್ತು, ಗ್ರಂಥಾಲಯವಿತ್ತು. ವಿಶ್ವವಿದ್ಯಾಲಯ ತನಗೇ ತಿಳಿಯದೆ ಕನ್ನಡ ಸಾಹಿತ್ಯದ ಪಟ್ಟಿ ಕಟ್ಟುತ್ತಿತ್ತು. ಆ ಪಟ್ಟಿ ಯಾರಿಗೆ ಸಿಗಲಿಲ್ಲ ಎಂಬುದನ್ನೂ ನೋಡಬೇಕು: ಹೊಲದಲ್ಲಿ ದುಡಿಯುವವರಿಗೆ, ಮಗ್ಗದ ಮುಂದೆ ಕೂತವರಿಗೆ, ಮನೆಯ ಕೆಲಸ ಮುಗಿಯದ ಹೆಣ್ಣುಮಕ್ಕಳಿಗೆ. ಅವರೊಳಗೆ ಪ್ರತಿಭೆ ಕಡಿಮೆಯಿತ್ತು ಎಂದು ಹೇಳುವ ಧೈರ್ಯ ಯಾರಿಗಿದೆ?

ನಂದಳಿಕೆಯ ಲಕ್ಷ್ಮೀನಾರಾಯಣ, ಅಂದರೆ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿ ದುಡಿದು, ಉಳಿದ ಹೊತ್ತಿನಲ್ಲಿ ‘ರಾಮಾಶ್ವಮೇಧ’ ಬರೆದು, 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆತನಿಗೆ 31 ವರ್ಷ. ಬಡತನದಲ್ಲೂ ಕೃತಿ ಹುಟ್ಟುತ್ತದೆ ಎನ್ನಲು ಆತನ ಹೆಸರು ಹೇಳುವವರಿದ್ದಾರೆ. ಹುಟ್ಟಿದ್ದು ನಿಜ. ಮುಂದಿನ ಮೂವತ್ತು ವರ್ಷಗಳಲ್ಲಿ ಹುಟ್ಟಬಹುದಾಗಿದ್ದು ಹುಟ್ಟಲಿಲ್ಲ ಎಂಬುದೂ ಅಷ್ಟೇ ನಿಜ.

> ಒಬ್ಬಳಿಂದ ಸಾವಿರ, ಸಾವಿರದಿಂದ ಒಬ್ಬ
>
> ಗದಗ ಸೀಮೆಗೆ ಕಲಾಪೋಷಣೆಯ ಪಾಠ ಹೊಸದಲ್ಲ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನ ‘ಅಜಿತಪುರಾಣ’ಕ್ಕೂ ಆಸರೆ ಅವಳೇ.
>
> 2008ರಲ್ಲಿ ಅಮೆರಿಕದ ಲೇಖಕ ಕೆವಿನ್ ಕೆಲ್ಲಿ ಇದೇ ಸಾವಿರವನ್ನು ತಿರುಗಿಸಿ ಹಿಡಿದ. ಒಬ್ಬೊಬ್ಬರೂ ವರ್ಷಕ್ಕೆ ನೂರು ಡಾಲರ್ ಕೊಡುವ ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಕಲಾವಿದ ಬದುಕಬಲ್ಲ ಎಂಬುದು ಅವನ ಲೆಕ್ಕ.

ಜೋಳಿಗೆಯ ಶಾಲೆ

ಈ ಸೀಮೆಯಲ್ಲೇ ಪಟ್ಟಿಯ ತತ್ವ ಒಂದು ಸಂಸ್ಥೆಯಾಗಿ ನಿಂತಿರುವುದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಹಾನಗಲ್ಲ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಸಂಗೀತ ಶಾಲೆ ಮೊದಲು ಊರಿಂದೂರಿಗೆ ನಡೆಯುವ ಶಾಲೆ. ಮಕ್ಕಳನ್ನು ಕಟ್ಟಿಕೊಂಡು ಹೋದ ಊರಲ್ಲಿ ಹಾಡಿ, ಆ ಊರು ಕೊಟ್ಟ ಕಾಳು ಕಡಿಯಲ್ಲಿ ಪಾಠ ಸಾಗಬೇಕಿತ್ತು. ಗದಗಿನಲ್ಲಿ ನೆಲೆ ಸಿಕ್ಕ ಮೇಲೂ ಮಕ್ಕಳಿಂದ ಶುಲ್ಕ ಪಡೆಯಲಿಲ್ಲ. 1944ರಲ್ಲಿ ಅವರು ತೀರಿಕೊಂಡ ಮೇಲೆ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಸಂಘ ನಡೆಸಿದರು, ತಾವೇ ನಾಟಕ ಬರೆದರು, ನೂರಾರು ಊರುಗಳಲ್ಲಿ ಭಕ್ತರು ಮಾಡಿದ ತುಲಾಭಾರದ ಹಣವನ್ನು ಆಶ್ರಮಕ್ಕೆ ಹಾಕಿದರು. 2010ರಲ್ಲಿ ತೀರಿಕೊಳ್ಳುವ ತನಕ ಅದೇ ದಾರಿ.

ಈ ಹಣ ಕೊಂಡದ್ದೇನು? ಬಳ್ಳಾರಿ ಸೀಮೆಯಿಂದ 1968ರ ಹೊತ್ತಿಗೆ ಬಂದ ಒಬ್ಬ ಬಡ ಹುಡುಗನಿಗೆ ಹತ್ತು ವರ್ಷಕ್ಕೂ ಮೀರಿದ ಕಲಿಕೆಯ ಕಾಲ. ಊಟ, ವಸತಿ, ಗುರು, ರಿಯಾಜು. ಬೇರೆ ಯಾವ ಗೊಡವೆಯೂ ಇಲ್ಲ. ಆ ಹುಡುಗನೇ ಪಂಡಿತ ವೆಂಕಟೇಶ ಕುಮಾರ್. ಆಶ್ರಮದಿಂದ ಹೊರಬಂದು ಧಾರವಾಡದಲ್ಲಿ ಸಂಗೀತ ಕಲಿಸುತ್ತ ದುಡಿದರು. ದೇಶ ಅವರನ್ನು ಗುರುತಿಸಿದ್ದು ಬಹಳ ತಡವಾಗಿ, ಪದ್ಮಶ್ರೀ ಬಂದದ್ದು 2016ರಲ್ಲಿ. ಜೋಳಿಗೆಗೆ ಒಂದು ಸೇರು ಜೋಳ ಹಾಕಿದ ರೈತ ಮಹಿಳೆ ಅರ್ಧ ಶತಮಾನದ ಮುಂದಿನ ಈ ಫಲಕ್ಕೆ ಕೊಟ್ಟವಳಲ್ಲ. ಕಲಿಯುವ ಮಕ್ಕಳು ಉಣ್ಣಲಿ ಎಂದು ಕೊಟ್ಟಳು. ಪಟ್ಟಿಯ ಹಣದ ಒಳಗುಟ್ಟು ಅಲ್ಲಿದೆ. ಅದು ಫಲದ ಮೇಲೆ ಹಕ್ಕು ಸಾಧಿಸುವುದಿಲ್ಲ, ಬೇಸಾಯಕ್ಕೆ ಬಲ ಕೊಡುತ್ತದೆ.

ಇದೇ ಗದಗ ಸೀಮೆಯ ರೋಣದವರು ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿದ ಅವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಗ್ವಾಲಿಯರ್, ಜಲಂಧರ್ ಎಂದು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ನಿಂತರು. ಆ ಕಥೆಯನ್ನು ಛಲದ ಕಥೆಯಾಗಿ ಹೇಳುವುದು ರೂಢಿ. ಊರೂರಲ್ಲಿ ಆ ಹುಡುಗನಿಗೆ ಅನ್ನ ಹಾಕಿದವರ ಕಥೆಯಾಗಿಯೂ ಅದನ್ನು ಹೇಳಬಹುದು. ಹೆಸರು ಉಳಿಯದ ಆ ಕೈಗಳಿಲ್ಲದಿದ್ದರೆ ಛಲ ಎಷ್ಟು ದಿನ ತಾಳುತ್ತಿತ್ತು?

ಒಂದು ಸಿನಿಮಾ, ನೂರಾಹತ್ತು ಜನ

ಹೊಸ ಕಾಲದ ಪಟ್ಟಿಯ ಮಾತಿಗೆ ಬಂದರೆ ಕನ್ನಡಕ್ಕೆ ತನ್ನದೇ ಉದಾಹರಣೆ ಇದೆ. ಪವನ್ ಕುಮಾರ್ ‘ಲೂಸಿಯಾ’ ಮಾಡಹೊರಟಾಗ ಗಾಂಧಿನಗರದಲ್ಲಿ ನಿರ್ಮಾಪಕರು ಸಿಗಲಿಲ್ಲ. ಜನರ ಮುಂದೆ ನೇರವಾಗಿ ಕೈಚಾಚಿದಾಗ 27 ದಿನಗಳಲ್ಲಿ 110 ಜನ ಸೇರಿ ಸುಮಾರು 51 ಲಕ್ಷ ರೂಪಾಯಿ ಹಾಕಿದರು. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು ಆ ಚಿತ್ರ ತೆರೆಕಂಡಿತು. ಇನ್ನೂ ಆಗದ ಕೆಲಸಕ್ಕೆ ಮೊದಲೇ ಕೊಟ್ಟ ಹಣ ಎಂಬ ಅರ್ಥದಲ್ಲಿ ಇದು ಅಪ್ಪಟ ಪಟ್ಟಿ. ಆದರೆ ಒಮ್ಮೆ ಎತ್ತಿದ ಪಟ್ಟಿ ಒಂದು ನಾಟಕಕ್ಕೆ ಸಾಕು, ಕಲಾವಿದನ ಬಾಳಿಗೆ ಸಾಲದು. ಚಿತ್ರ ಮುಗಿದ ಮರುದಿನ ಅವನು ಮತ್ತೆ ನೋಟ್‌ಬುಕ್ ಹಿಡಿದು ಮೊದಲ ಮನೆಯ ಬಾಗಿಲಿಗೆ ಹೋಗಬೇಕು. ಎರಡು ಕೃತಿಗಳ ನಡುವಿನ ಖಾಲಿ ಕಾಲಕ್ಕೆ ಯಾರೂ ಕೊಡುವುದಿಲ್ಲ. ಮುಂದಿನದು ಮೊಳೆಯುವುದು ಆ ಖಾಲಿ ಕಾಲದಲ್ಲೇ. ನೆಲ ಪಾಳು ಬಿದ್ದಂತೆ ಕಾಣುವ ತಿಂಗಳುಗಳಲ್ಲೂ ಎರೆ ತನ್ನೊಳಗೆ ಹಸಿ ಕಾಯ್ದುಕೊಂಡಿರುತ್ತದೆ ಎಂಬುದನ್ನು ಹಿಂಗಾರಿ ಬಿತ್ತುವ ಈ ಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ.

> ಎರಡು ರೂಪಾಯಿಯ ನಿರ್ಮಾಪಕರು
>
> 1976ರ ಶ್ಯಾಮ್ ಬೆನಗಲ್ ಚಿತ್ರ ‘ಮಂಥನ್’ಗೆ ಹಣ ಹಾಕಿದವರು ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕ ರೈತರು, ತಲೆಗೆ ಎರಡು ರೂಪಾಯಿಯಂತೆ. ಚಿತ್ರದ ಮುಖ್ಯ ಪಾತ್ರದಲ್ಲಿದ್ದವರು ನಮ್ಮ ಗಿರೀಶ ಕಾರ್ನಾಡ.

ಕೃತಿಗಳ ನಡುವಿನ ಆ ಖಾಲಿ ಕಾಲಕ್ಕಾಗಿಯೇ ತಿಂಗಳ ಚಂದಾ ಮುಖ್ಯ. ‘ಲೂಸಿಯಾ’ ತೆರೆಕಂಡ 2013ರಲ್ಲೇ ಅಮೆರಿಕದಲ್ಲಿ ಸಂಗೀತಗಾರ ಜ್ಯಾಕ್ ಕಾಂಟೆ ಗೆಳೆಯನೊಬ್ಬನ ಜತೆ ಸೇರಿ ಪೇಟ್ರಿಯಾನ್ ಎಂಬ ವೇದಿಕೆ ಕಟ್ಟಿದ. ಮೆಚ್ಚಿದವರು ತಿಂಗಳಿಗೆ ಇಷ್ಟು ಎಂದು ಕಟ್ಟುತ್ತಾರೆ, ವೇದಿಕೆ ತನ್ನ ಪಾಲು ಹಿಡಿದು ಉಳಿದದ್ದನ್ನು ಕಲಾವಿದನಿಗೆ ಕೊಡುತ್ತದೆ. ಮಾದರಿ ಒಳ್ಳೆಯದು, ಆದರೆ ಚಾವಿ ಬೇರೆಯವರ ಕೈಯಲ್ಲಿದೆ. 2017ರ ಡಿಸೆಂಬರಿನಲ್ಲಿ ಆ ವೇದಿಕೆ ಶುಲ್ಕದ ನಿಯಮ ಬದಲಿಸಹೊರಟಾಗ ಒಂದೊಂದು ಡಾಲರ್ ಕೊಡುತ್ತಿದ್ದ ಸಣ್ಣ ಅಭಿಮಾನಿಗಳೇ ಹೆಚ್ಚು ಪೆಟ್ಟು ತಿನ್ನುವಂತಾಯಿತು. ಹಲವರು ಬಿಟ್ಟು ಹೋದರು, ಗದ್ದಲವಾಗಿ ಕೆಲವೇ ದಿನಗಳಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡರು. ನಮ್ಮಲ್ಲಿ 2021ರ ಅಕ್ಟೋಬರ್ 1ರಿಂದ ಕಾರ್ಡಿನ ಮೇಲಿನ ತಿಂಗಳ ಕಡಿತಕ್ಕೆ ರಿಸರ್ವ್ ಬ್ಯಾಂಕ್ ಹೊಸ ಬಿಗಿ ತಂದಾಗಲೂ ಇಂಥ ಎಷ್ಟೋ ಪಾವತಿಗಳು ನಿಂತವು. ಗ್ರಾಹಕರ ರಕ್ಷಣೆಗೆ ಆ ನಿಯಮ ಬೇಕಾಗಿತ್ತು, ಒಪ್ಪುತ್ತೇನೆ. ಅಷ್ಟರ ಹೊತ್ತಿಗೆ ಯುಪಿಐ ಆಟೋಪೇ ಬಂದಿತ್ತು. ನೂರು ರೂಪಾಯಿಯ ತಿಂಗಳ ಚಂದಾ ಈಗ ಹಳ್ಳಿಯ ಕಿರಾಣಿ ಅಂಗಡಿಯವರಿಗೂ ಕೈಗೆಟುಕುವ ಸಂಗತಿ. ನಮ್ಮ ಕಲಾವಿದರು ಪಟ್ಟಿಯನ್ನು ಪರದೇಶದ ವೇದಿಕೆಯ ಮೇಲೆ ಮಾತ್ರ ಕಟ್ಟಬೇಕಾಗಿಲ್ಲ.

ಲೆಕ್ಕದ ಪುಸ್ತಕ

ಕನ್ನಡದ ಮಾರುಕಟ್ಟೆ ಸಣ್ಣದು, ಕೆಲ್ಲಿ ಹೇಳಿದ ಸಾವಿರ ಜನರನ್ನು ಎಲ್ಲಿಂದ ತರುವುದು ಎಂಬ ಆಕ್ಷೇಪ ಸಹಜ. ಲೆಕ್ಕ ಹಾಕಿ ನೋಡೋಣ. ಲಕ್ಕಲಕಟ್ಟಿಯಲ್ಲೋ ನರೇಗಲ್ಲಿನಲ್ಲೋ ಕೂತು ಚಿತ್ರ ಬಿಡಿಸುವ ಒಬ್ಬ ಕಲಾವಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ನೂರು ರೂಪಾಯಿ ಕೊಡುವ 300 ಜನ ಇದ್ದರೆ 30,000 ರೂಪಾಯಿ. ಬೆಂಗಳೂರಿನ ಬಾಡಿಗೆಗೆ ಅದು ಸಾಲದು, ಸ್ವಂತ ಸೂರಿರುವ ಹಳ್ಳಿಯಲ್ಲಿ ಅದು ಒಂದು ಬದುಕು. ಊರಲ್ಲೇ ಉಳಿದು ಕೆಲಸ ಮಾಡುವುದು ಹಿಂದುಳಿದವರ ಪಾಡು ಎಂಬ ಭಾವನೆ ನಮ್ಮಲ್ಲಿದೆ. ಈ ಲೆಕ್ಕದಲ್ಲಿ ಅದೇ ಬಲವಾಗುತ್ತದೆ. ಮುನ್ನೂರು ಎಂದರೆ ಒಂದು ಸಾಧಾರಣ ಜಾತ್ರೆಯ ನಾಟಕದ ಮುಂದಿನ ಕೆಲವು ಸಾಲುಗಳು.

ಅದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ಮುನ್ನೂರು ಜನರಲ್ಲಿ ಒಬ್ಬೊಬ್ಬರಿಗೂ ತಿಂಗಳಿಗೆ ಹತ್ತು ನಿಮಿಷ ಕೊಟ್ಟರೆ, ಒಂದು ಉತ್ತರ, ಒಂದು ಸಣ್ಣ ರೇಖಾಚಿತ್ರ, ಒಂದು ವಿಡಿಯೊ ಶುಭಾಶಯ, ಮೂರು ಸಾವಿರ ನಿಮಿಷ. ಅಂದರೆ 50 ಗಂಟೆ, ಎಂಟು ಗಂಟೆಯ ದುಡಿಮೆಯ ಆರು ದಿನಗಳಿಗಿಂತ ಹೆಚ್ಚು. ತಿಂಗಳಿನ ಒಂದು ವಾರ ಪೂರ್ತಿ ಕೃತಜ್ಞತೆಗೇ ಹೋಯಿತು. ಹೆಚ್ಚು ಕೊಟ್ಟವರಿಗೆ ಹೆಚ್ಚು ಉಡುಗೊರೆ ಎಂದು ಮೆಟ್ಟಿಲು ಕಟ್ಟಿದ ಕಲಾವಿದರು ಬಹುಬೇಗ ಉಡುಗೊರೆಯ ಕಾರ್ಖಾನೆಯ ಕೂಲಿಗಳಾಗುತ್ತಾರೆ. ಪಟ್ಟಿ ಆಯೇರವಾಗಿ ಬದಲಾಗುವುದು ಹೀಗೆ, ಯಾರ ಕೆಟ್ಟ ಬುದ್ಧಿಯೂ ಇಲ್ಲದೆ, ಎರಡೂ ಕಡೆಯ ಪ್ರೀತಿಯಿಂದಲೇ. ಆದ್ದರಿಂದ ಪಟ್ಟಿ ಎತ್ತುವ ದಿನವೇ ಕರಾರು ಸ್ಪಷ್ಟವಿರಬೇಕು. ತಿಂಗಳಿಗೊಂದು ಪತ್ರ ಎಲ್ಲರಿಗೂ ಒಂದೇ, ಕೆಲಸ ಮುಗಿದಾಗ ಅದರ ಪ್ರತಿ, ವರ್ಷಕ್ಕೊಮ್ಮೆ ಜಮಾಖರ್ಚು. ಇದಕ್ಕಿಂತ ಹೆಚ್ಚಿಗೆ ಕೊಡುವೆನೆಂದು ಕಲಾವಿದರು ಮಾತು ಕೊಡಬಾರದು, ಕೊಡುವವರು ಕೇಳಬಾರದು. ಜಮಾಖರ್ಚನ್ನು ಮಾತ್ರ ತಪ್ಪಿಸಬಾರದು. ನಾಟಕ ಮುಗಿದ ಮೇಲೆ ಹುಡುಗರು ಹಿರಿಯರ ಮುಂದೆ ಪಟ್ಟಿಯ ಲೆಕ್ಕ ಒಪ್ಪಿಸಿದರೆ ಮುಂದಿನ ವರ್ಷ ಅದೇ ಬಾಗಿಲು ತೆರೆಯುತ್ತದೆ.

> ಮೂವರು ದೊರೆಗಳ ಮಾತು
>
> 1809ರಲ್ಲಿ ಸಂಗೀತಕಾರ ಬೀಥೋವನ್ ವಿಯೆನ್ನಾ ಬಿಟ್ಟು ಹೋಗದಿರಲೆಂದು ಮೂವರು ಶ್ರೀಮಂತರು ಸೇರಿ ವರ್ಷಕ್ಕೆ 4,000 ಫ್ಲೋರಿನ್ ಕೊಡುವ ಒಪ್ಪಂದ ಬರೆದುಕೊಟ್ಟರು. 1811ರಲ್ಲಿ ನಾಣ್ಯದ ಬೆಲೆ ಕುಸಿಯಿತು. 1812ರಲ್ಲಿ ಒಬ್ಬ ದೊರೆ ಕುದುರೆಯಿಂದ ಬಿದ್ದು ಸತ್ತ. ಇನ್ನೊಬ್ಬ ದಿವಾಳಿಯಾದ. ಉಳಿದ ಹಣಕ್ಕಾಗಿ ಬೀಥೋವನ್ ವರ್ಷಗಟ್ಟಲೆ ಹೆಣಗಾಡಬೇಕಾಯಿತು.

ಬೀಥೋವನ್‌ನ ಒಪ್ಪಂದ ಹೊತ್ತನ್ನೇ ಕೊಂಡಿತ್ತು, ಕೃತಿಯ ಮೇಲೆ ಯಾವ ಕಟ್ಟಳೆಯನ್ನೂ ಹೇರಿರಲಿಲ್ಲ. ಆದರೂ ಅಲುಗಾಡಿತು, ಏಕೆಂದರೆ ಮೂವರ ಮೇಲೆ ನಿಂತಿತ್ತು. ಮುನ್ನೂರರಲ್ಲಿ ಹತ್ತು ಜನ ಬಿಟ್ಟರೆ ಕಲಾವಿದೆ ಹತ್ತು ಜನರನ್ನು ಹುಡುಕಿಕೊಂಡಾಳು. ಮೂವರಲ್ಲಿ ಒಬ್ಬ ಬಿದ್ದರೆ ಮನೆಯ ಒಂದು ಗೋಡೆಯೇ ಬಿದ್ದಂತೆ. ದೊಡ್ಡ ದಾನಿಯೊಬ್ಬ ಸಿಕ್ಕರೆ ಸಾಕಪ್ಪ ಎಂದು ಕಾಯುವ ನಮ್ಮ ಕಲಾವಿದರಿಗೆ ಈ ಮಾತು ತಟ್ಟಬೇಕು.

ಕೇಳುವುದು ಭಿಕ್ಷೆಯೇ?

ಕೈಚಾಚುವುದು ಕಲಾವಿದನ ಘನತೆಗೆ ಕುಂದು ಎನ್ನುವವರ ಮಾತು ಸುಲಭದಲ್ಲಿ ತಳ್ಳಿಹಾಕುವಂಥದ್ದಲ್ಲ. ಬೇಡಿ ತಿನ್ನಬಾರದು, ದುಡಿದು ತಿನ್ನಬೇಕು ಎಂಬ ಕಾಯಕದ ಮಾತು ಈ ನೆಲದ ರಕ್ತದಲ್ಲಿದೆ. ಆದರೆ ಪಟ್ಟಿ ಎತ್ತುವ ಹುಡುಗರನ್ನು ಯಾವ ಊರೂ ಭಿಕ್ಷುಕರೆಂದು ಕರೆದಿಲ್ಲ. ಪುಣ್ಯಾಶ್ರಮದ ಜೋಳಿಗೆಯನ್ನು ಕಂಡು ಯಾರೂ ಕೀಳಾಗಿ ಮಾತಾಡಿಲ್ಲ. ನಾಟಕ ಊರಿನದು, ಆಶ್ರಮದ ಮಕ್ಕಳು ನಮ್ಮವರು ಎಂಬ ಭಾವನೆ ಅಲ್ಲಿದೆ. ಚಿತ್ರ ಬಿಡಿಸುವುದೂ, ಕಥೆ ಬರೆಯುವುದೂ ಕಾಯಕವೇ ಎಂದು ಒಪ್ಪಿದ ದಿನ ಅದಕ್ಕೆ ಹೊತ್ತು ಒದಗಿಸುವುದು ದಾಸೋಹದ ಸಾಲಿಗೆ ಸೇರುತ್ತದೆ. ಒಪ್ಪದಿರುವುದೇ ನಿಜವಾದ ತೊಡಕು.

ಒಳ್ಳೆಯದಾಗಿದ್ದರೆ ತಾನೇ ಮಾರಾಟವಾಗುತ್ತದೆ, ಪಟ್ಟಿ ಏಕೆ ಎಂಬ ಇನ್ನೊಂದು ಮಾತಿದೆ. ಗದಗಿನ ಗರುಡ ಸದಾಶಿವರಾಯರ ಕಂಪನಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಟಿಕೆಟ್ಟಿನ ಹಣದ ಮೇಲೆಯೇ ನಡೆದವು. ಆ ರಂಗಭೂಮಿ ಕೊಟ್ಟ ನಟರನ್ನೂ ಗಾಯಕರನ್ನೂ ನೆನೆದರೆ ಈಗಲೂ ಮೈ ನವಿರೇಳುತ್ತದೆ. ಹಾಗಿದ್ದೂ ಒಂದು ಮಳೆಗಾಲ ಕೆಟ್ಟರೆ ಸೀನರಿ ಅಡವಿಡುವ ಬದುಕು ಅದು. ಸಿನಿಮಾ ಬಂದು ಟಿಕೆಟ್ಟು ಇಳಿದಾಗ ಒಂದರ ಹಿಂದೊಂದು ಕಂಪನಿ ಗಂಟು ಕಟ್ಟಿದವು. ಅಂದಂದಿನ ಗಲ್ಲಾಪೆಟ್ಟಿಗೆ ಅಂದಂದಿನ ರುಚಿಯನ್ನು ಅಳೆಯಬಲ್ಲದು, ನಾಳೆಯ ರುಚಿಯನ್ನು ಬೆಳೆಸುವ ತಾಳ್ಮೆ ಅದಕ್ಕಿಲ್ಲ.

ಹಾಗಾದರೆ ಸರ್ಕಾರ ಕೊಡಲಿ ಎನ್ನಬಹುದು. ಕೊಡಬೇಕು, ಇನ್ನೂ ಹೆಚ್ಚು ಕೊಡಬೇಕು. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ನಟರಿಗೆ ಸರ್ಕಾರದ ಸಂಬಳ ಸಿಕ್ಕಿದ್ದು ಕನ್ನಡ ರಂಗಭೂಮಿಗೆ ದೊಡ್ಡ ವರವಾಯಿತು. ಆದರೆ ಬಿಡಿ ಕಲಾವಿದರಿಗೆ ಸರ್ಕಾರದ ಹಣ ತಲುಪುವುದು ಬಹುತೇಕ ಎರಡೇ ರೂಪದಲ್ಲಿ: ಕೆಲಸವಾದ ಮೇಲೆ ಪ್ರಶಸ್ತಿ, ವಯಸ್ಸಾದ ಮೇಲೆ ಮಾಸಾಶನ. ನಡುವಿನ ಮೂವತ್ತು ವರ್ಷ, ಕೈ ಗಟ್ಟಿಯಿರುವ ವರ್ಷಗಳು, ಅವರವರ ಪಾಡಿಗೆ. ಹೆಗ್ಗೋಡಿನ ನೀನಾಸಂ 1985ರಿಂದ ನಡೆಸುತ್ತಿರುವ ‘ತಿರುಗಾಟ’ ರಂಗತಂಡದ ಜೀವಾಳವೂ ನಾಟಕ ಕರೆಸುವ ಊರೂರಿನ ಸಂಘಗಳಲ್ಲಿದೆ. ಸರ್ಕಾರ ಇದ್ದರೂ ಊರಿನ ಕೈ ಬೇಕು.

ಆಯೇರವನ್ನು ಹೀಗಳೆದರೆ ಆ ನಟಿಯ ಹೊಟ್ಟೆಗೆ ಹೊಡೆದಂತಲ್ಲವೇ ಎಂಬುದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಹೌದು, ಗೊತ್ತುಮಾಡಿದ ಸಂಬಳ ಕಡಿಮೆ ಇರುವಲ್ಲಿ ಆಯೇರವೇ ಅವಳ ಗಳಿಕೆ. ಮೆಚ್ಚಿ ಎದ್ದು ಬಂದು ಕೊಡುವ ಆ ಸಂಭ್ರಮಕ್ಕೆ ಅದರದೇ ಚೆಲುವೂ ಇದೆ. ಅದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಆಯೇರದ ಆಸೆ ತೋರಿಸಿ ಸಂಬಳ ಇಳಿಸುವುದನ್ನು ನಿಲ್ಲಿಸಬಹುದು. ಪಟ್ಟಿಯ ನೋಟ್‌ಬುಕ್ಕಿನಲ್ಲಿ ಅವಳ ತಾಲೀಮಿನ ದಿನಗಳಿಗೂ ಒಂದು ಸಾಲು ಬರೆಯಬಹುದು. ಸಾಮಾನ್ಯವಾಗಿ ಆಟದ ಹಿಂದಿನ ದಿನವೋ ಅಂದೋ ಬಂದು, ಬೇರೆ ಊರಲ್ಲಿ ಕಲಿತ ಪಾರ್ಟನ್ನೇ ಹೊಸ ನಟರ ಜತೆ ಹೊಂದಿಸಿಕೊಂಡು ನಿಭಾಯಿಸುವ ಅವಳಿಗೆ ನಾಲ್ಕು ದಿನ ಮೊದಲೇ ಬಂದು ಕೂಡಿ ತಾಲೀಮು ಮಾಡುವ ಹಣ ಸಿಕ್ಕರೆ ಆ ಹೊಸ್ತಿಲ ದೃಶ್ಯ ಏನಾಗಬಹುದಿತ್ತು? ಆಯೇರದ ಹೆಸರುಗಳನ್ನು ಅಂಕದ ಪರದೆ ಬಿದ್ದ ಮೇಲೆ ಒಟ್ಟಿಗೆ ಓದಿದರೆ ಕೊಟ್ಟವರ ಮಾನಕ್ಕೇನೂ ಕಡಿಮೆಯಾಗುವುದಿಲ್ಲ.

ನಸುಕಿನಲ್ಲಿ ಮಂಗಳ ಹಾಡಿ ಪರದೆ ಇಳಿಯುತ್ತದೆ. ಸೀನರಿಯ ಬಟ್ಟೆ ಸುರುಳಿ ಸುತ್ತಿ ಟ್ರ್ಯಾಕ್ಟರಿಗೆ ಏರುತ್ತದೆ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಇನ್ನೂ ಆರಿಲ್ಲ. ಬಣ್ಣ ಪೂರ್ತಿ ಹೋಗದ ಮುಖದಲ್ಲಿ ನಟಿ ಮೊದಲ ಬಸ್ಸಿಗೆ ಕಾದು ನಿಂತಿರುತ್ತಾಳೆ. ಸೆರಗಿನ ಗಂಟಿನಲ್ಲಿ ರಾತ್ರಿಯ ನೋಟುಗಳು, ಚೀಲದಲ್ಲಿ ಇನ್ನೊಂದು ನಾಟಕದ ಪುಸ್ತಕ. ಇವತ್ತು ರಾತ್ರಿ ಮತ್ತೊಂದು ಊರು. ಆ ಪಾರ್ಟಿನ ಮಾತುಗಳನ್ನು ಅವಳು ಬಸ್ಸಿನಲ್ಲೇ ಓದಿಕೊಳ್ಳಬೇಕು.